ಕಿಟ್ಟಣ್ಣನ ಪಾರಣೆ

ಮಗಳ ಫೋನು ಬಂದ ದಿನದಿಂದ ಕಿಟ್ಟಣ್ಣ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಮುಂಬಯಿ ಹತ್ತಿರದ ಡೊಂಬಿವಿಲಿ ಸ್ಟೇಶನ್ನಿನ ಪೂರ್ವಕ್ಕೆ, ಉಡುಪಿಯಿಂದ ಬಂದ ಅವನದೊಂದು ಶುದ್ಧ ಶಾಕಾಹಾರಿ ಹೋಟೆಲು. ಗಲ್ಲಾದಿಂದ ಎದ್ದು ಅಡುಗೆಮನೆಗೆ, ಅಡುಗೆಮನೆಯಿಂದ ಹಿಂಬಾಗಿಲಿಗೆ, ಅಲ್ಲಿಂದ ಮತ್ತೆ ಗಲ್ಲಾಕ್ಕೆ, ಮೈಮೇಲೆ ಇರುವೆ ಬಿಟ್ಟುಕೊಂಡವನ ಹಾಗೆ ಓಡಾಡುತ್ತಿದ್ದ. ಸಾಂಬಾರಿಗೆ ಉಪ್ಪು ಹಾಕಿದ್ದೀರಾ ಎಂದು ಒಂದೇ ಬೆಳಿಗ್ಗೆ ಮೂರು ಸಲ ಕೇಳಿಸಿಕೊಂಡ ಭಟ್ಟರು ಸೌಟು ಕೆಳಗಿಟ್ಟು, ನೀವೇ ಹಾಕಿ ಎಂದು ಬೀಡಿ ಸೇದಲು ಹೊರಟುಹೋದರು.

ಫೋನು ಮಾಡಿದವಳು ಹರ್ಷಿತಾ, ಅವನ ಒಬ್ಬಳೇ ಮಗಳು. ಎರಡು ವರ್ಷದ ಹಿಂದೆ ಘಣಸೋಲಿ ಗಾಂವಿನ ಅಭಿ ಎಂಬ ಹುಡುಗನನ್ನು ಮೆಚ್ಚಿ ಮದುವೆಯಾದಳು. ಹುಡುಗ ರಬಾಳೆಯ ಕಂಪನಿಯೊಂದರಲ್ಲಿ ಸೂಪರ್‌ವೈಸರು, ಗುಣದಲ್ಲಿ ಚಿನ್ನ. ಆದರೆ ಅವರದು ಆಗ್ರಿ ಮನೆತನ, ಎರಡು ಹೊತ್ತೂ ಮೀನು ಬೇಯುವ ಮನೆ. ಕಿಟ್ಟಣ್ಣ ಮದುವೆಗೆ ನಿಂತ, ಅಕ್ಷತೆ ಹಾಕಿದ, ಎಲ್ಲರೆದುರು ನಕ್ಕ. ಆ ಮನೆಯ ನೀರನ್ನು ಮಾತ್ರ ಮುಟ್ಟಲಿಲ್ಲ. ಹೋದಾಗಲೆಲ್ಲ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂರುತ್ತಿದ್ದ. ಅಭಿಯ ತಾಯಿ ವಿಮಲಾತಾಯಿ ಟ್ರೇ ಹಿಡಿದು ಬಂದ ಕೂಡಲೇ ಕೈಮುಗಿದು, ಇವತ್ತು ಉಪವಾಸ ಎನ್ನುತ್ತಿದ್ದ. ಒಮ್ಮೆ ಏಕಾದಶಿ, ಒಮ್ಮೆ ಶನಿವಾರ, ಒಮ್ಮೆ ಸಂಕಷ್ಟಿ, ಕೊನೆಗೆ ಶ್ರಾವಣ ಸೋಮವಾರವೂ ಆಯಿತು. ಶಿವನ ಸೋಮವಾರವನ್ನೂ ಬಿಡದ ಮಾಧ್ವ ಇಡೀ ಉಡುಪಿಯಲ್ಲಿ ಇನ್ನೊಬ್ಬನಿರಲಾರ. ಅವನ ಹೆಂಡತಿ ರುಕ್ಮಿಣಿ ಮಾತ್ರ ಒಳಗೆ ಹೋಗಿ ಬೀಗಿತ್ತಿಯ ಜೊತೆ ಅಡುಗೆಕಟ್ಟೆಯ ಪಕ್ಕ ಕೂತು, ಅವರು ಇವಳಿಗೆಂದೇ ಮಾಡಿದ ಅಕ್ಕಿರೊಟ್ಟಿ ತಿಂದು ಬರುತ್ತಿದ್ದಳು.

ಹರ್ಷಿತಾಗೆ ಈಗ ಏಳನೇ ತಿಂಗಳು. ಗಂಡನ ಮನೆಯವರು ಸೀಮಂತದ ಊಟ ಇಟ್ಟುಕೊಂಡಿದ್ದರು, ಅವರ ಮಾತಲ್ಲಿ ಡೋಹಾಳೆ ಜೇವಣ. ಅದನ್ನು ಹೇಳಲೆಂದೇ ಅವಳು ಫೋನು ಮಾಡಿದ್ದು.

"ಬಂದ್ರೆ ಊಟ ಮಾಡಿ ಹೋಗ್ಬೇಕು ಅಪ್ಪಾ," ಅಂದಿದ್ದಳು. "ಬಾಗಿಲ ಹತ್ರ ಕೂತು ಉಪವಾಸ ಅಂತ ಹೇಳುದಾದ್ರೆ ಬರುದೇ ಬೇಡ. ಮಗು ಹುಟ್ಟಿದ ಮೇಲೂ ಬೇಡ. ಸಾಕಾಯ್ತು ನಂಗೆ, ಬಸ್ ಹೋಗಯಾ ಅಬ್."

ಜಗಳವಾಡಿದ್ದರೆ ಅವನೂ ಎರಡು ಮಾತು ಆಡುತ್ತಿದ್ದ. ಅವಳು ಮೆಲ್ಲಗೆ ಹೇಳಿ ಫೋನಿಟ್ಟಳು. ಗಲ್ಲಾದ ಕೆಳಗೆ ಕೂತು ಹೋಮ್‌ವರ್ಕ್ ಬರೆಯುತ್ತ, ಅಲ್ಲೇ ಅವನ ಕಾಲಿಗೊರಗಿ ನಿದ್ದೆಹೋಗುತ್ತಿದ್ದ ಹುಡುಗಿ. ಅವಳಿಲ್ಲದೆ ಆಗುವುದಿಲ್ಲ ಎಂಬುದು ಅವನಿಗೆ ಗೊತ್ತು. ಆ ಮನೆಯ ಪಾತ್ರೆಯಲ್ಲಿ ಕೊಟ್ಟದ್ದು ಗಂಟಲಲ್ಲಿ ಇಳಿಯುವುದಿಲ್ಲ ಎಂಬುದೂ ಗೊತ್ತು. ನಾನೊಬ್ಬ ನೀರು ಕುಡಿಯದಿದ್ದರೆ ಯಾರ ಗಂಟು ಹೋಗುತ್ತದೆ ಎಂಬುದು ಅವನ ಒಂದೇ ವಾದ.

ಅಂದ ಹಾಗೆ, ನೀರಿನ ವಿಷಯದಲ್ಲಿ ಅವನದು ಸ್ವಂತ ಹೋಟೆಲಿನಲ್ಲೂ ಒಂದು ಖಯಾಲಿ. ಗ್ಲಾಸಿಗೆ ನೀರು ಬಿದ್ದ ಕೂಡಲೇ ಮಣಿಕಟ್ಟು ತಾನಾಗಿ ತಿರುಗಬೇಕು, ನೀರು ಗ್ಲಾಸಿನೊಳಗೆ ಒಂದು ಸುತ್ತು ಬರಬೇಕು, ಅದನ್ನು ಚೆಲ್ಲಬೇಕು. ಆಮೇಲೆ ಮತ್ತೆ ತುಂಬಿಸಿ ಕುಡಿಯುವುದು. ಗಲ್ಲಾದ ಪಕ್ಕದ ಮನಿಪ್ಲಾಂಟ್ ಬದುಕಿದ್ದೇ ಆ ನೀರಿನಲ್ಲಿ.

ಇಂಥ ಹೊತ್ತಿನಲ್ಲಿ ತರುಣ್ ಸಿಕ್ಕಿದ. ಬೆಂಗಳೂರಿನ ಹುಡುಗ, ಐರೋಲಿಯಲ್ಲಿ ಕಂಪ್ಯೂಟರ್ ಕೆಲಸ, ದಿನಾ ಬೆಳಿಗ್ಗೆ ಇಡ್ಲಿಗೆ ಬರುವವನು. ವರ್ಷಕ್ಕೊಮ್ಮೆ ನಾಲ್ಕು ಜನರನ್ನು ಕಟ್ಟಿಕೊಂಡು ಎಲ್ಲಿಗಾದರೂ ನಡೆಯುತ್ತ ಹೋಗುವ ಹುಚ್ಚು ಅವನಿಗೆ. ಈ ಸಲ ಡಿಸೆಂಬರಿನಲ್ಲಿ ಜೈಸಲ್ಮೇರಿನಿಂದ ಬಾಡಮೇರ್ ಕಡೆಗೆ, ಮರಳುಗಾಡಿನಲ್ಲಿ, ಹಳ್ಳಿಯಿಂದ ಹಳ್ಳಿಗೆ. ಕಿಟ್ಟಣ್ಣ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಫೋನು ಸಿಕ್ಕುದಿಲ್ಲ ಅಲ್ವಾ ಮಾರಾಯ?" ಸಿಕ್ಕುವುದಿಲ್ಲ ಎಂದು ಕೇಳಿದ್ದೇ ತಡ, ತಾನೂ ಬರುತ್ತೇನೆಂದು ಹೊರಟ. ಡಾಕ್ಟರೇ ನಡೆಯಲು ಹೇಳಿದ್ದಾರಲ್ಲ, ಸಕ್ಕರೆ ಇಳಿಯುತ್ತದೆ, ಸೀಮಂತದೊಳಗೆ ವಾಪಸ್ ಬರುತ್ತೇನಲ್ಲ ಎಂದು ಮನೆಯಲ್ಲಿ ಸಮಜಾಯಿಷಿ ಕೊಟ್ಟ.

"ಠಾಣೆಯಲ್ಲಿ ರೈಲು ಬದಲಿಸಿದ್ರೆ ಘಣಸೋಲಿ," ಅಂದಳು ರುಕ್ಮಿಣಿ. "ಅಷ್ಟು ದೂರ ಹೋಗ್ಲಿಕ್ಕೆ ಆಗದವರು ಮರುಭೂಮಿ ದಾಟ್ತಾರಂತೆ." ಆದರೂ ಅವಲಕ್ಕಿ, ಚಟ್ನಿಪುಡಿ, ಬೆಲ್ಲ ಎಲ್ಲವನ್ನೂ ಕಟ್ಟಿಕೊಟ್ಟಳು.

ಮರಳುಗಾಡೆಂದರೆ ಮರಳು ಮಾತ್ರ ಎಂದುಕೊಂಡಿದ್ದ ಕಿಟ್ಟಣ್ಣನಿಗೆ ಅಲ್ಲಿ ಕಂಡದ್ದು ಜನ. ನಡೆದು ನಡೆದು ಇನ್ನು ಯಾರೂ ಇರಲಾರರು ಎನ್ನುವಾಗ ದಿಬ್ಬದಾಚೆ ಮುಳ್ಳುಬೇಲಿಯೊಳಗೆ ಮೂರ್ನಾಲ್ಕು ದುಂಡನೆಯ ಗುಡಿಸಲು, ಒಂದು ಖೇಜಡಿ ಮರ, ಕಟ್ಟಿಹಾಕಿದ ಆಡುಮರಿಗಳು. ಧಾಣಿ ಎನ್ನುತ್ತಾರೆ ಅದಕ್ಕೆ. ಹೆಂಗಸರು ತಲೆಯ ಮೇಲೆ ಒಂದರ ಮೇಲೊಂದು ಕೊಡವಿಟ್ಟು ದೂರದ ಬಾವಿಯಿಂದ ಬರುತ್ತಿರುತ್ತಿದ್ದರು. ಗಂಡಸರು ಒಂಟೆಗಳ ಹಿಂದೆ ಹೋಗಿರುತ್ತಿದ್ದರು. ಇವರನ್ನು ಕಂಡ ಕೂಡಲೇ ಯಾರಾದರೊಬ್ಬರು ಓಡಿಬಂದು ಹೊರಸು ಹಾಕಿ, ಮೇಲೆ ರಜಾಯಿ ಹಾಸಿ, ಮೊದಲು ನೀರು ಕೊಡುತ್ತಿದ್ದರು. ಹೆಸರು ಊರು ಕೇಳುವುದು ಆಮೇಲೆ. ಗಿರಾಕಿ ಕೂತ ತಕ್ಷಣ ನೀರು ಎಂಬುದು ತನ್ನ ಹೋಟೆಲಿನದೂ ನಿಯಮವಾದ್ದರಿಂದ ಕಿಟ್ಟಣ್ಣನಿಗೆ ಅದು ಬಹಳ ಹಿಡಿಸಿತು. ನೋಡುವುದಕ್ಕೆ ಹಿಡಿಸಿತು ಅಷ್ಟೆ. ಮಜ್ಜಿಗೆ, ಸಜ್ಜೆರೊಟ್ಟಿ, ಬೆಳ್ಳುಳ್ಳಿ ಖಾರ, ಆಡಿನ ಹಾಲಿನ ಚಹಾ ಎಂದು ಉಳಿದವರು ಹೊಡೆಯುತ್ತಿದ್ದಾಗ ಅವನು ಕೈಮುಗಿದು ಉಪವಾಸ ಎನ್ನುತ್ತಿದ್ದ. ಹಿಂದೆ ಬರುವ ಒಂಟೆಗಾಡಿಯಲ್ಲಿ ಅವನ ಸೀಲ್ ಮಾಡಿದ ನೀರಿನ ಬಾಟ್ಲಿಗಳ ಎರಡು ಪೆಟ್ಟಿಗೆ ಇತ್ತು. ಮರೆಯಲ್ಲಿ ಅವಲಕ್ಕಿ ಕಲಸಿಕೊಂಡು ತಿನ್ನುತ್ತಿದ್ದ.

ಸುಳ್ಳಿಗೂ ಕಾಲು ಬರುತ್ತದೆ. ಅನ್ನ ನೀರು ಮುಟ್ಟದೆ ನಡೆಯುವ ಸಾಧು ಒಬ್ಬ ಬರುತ್ತಿದ್ದಾನೆ ಎಂಬ ಸುದ್ದಿ ಇವರಿಗಿಂತ ಮುಂಚೆ ಮುಂದಿನ ಧಾಣಿಗೆ ತಲುಪಿರುತ್ತಿತ್ತು. ಒಂದು ಕಡೆ ಬಾಣಂತಿಯೊಬ್ಬಳು ಕೂಸನ್ನು ತಂದು ಅವನ ಕಾಲ ಬಳಿ ಮಲಗಿಸಿದಳು. ಕಿಟ್ಟಣ್ಣ ಅದರ ತಲೆ ಮುಟ್ಟಿದ. ಹರ್ಷಿತಾಳ ನೆನಪಾಗಿ, ಅಲ್ಲಿಂದ ಎಲ್ಲರಿಗಿಂತ ಮೊದಲೇ ಎದ್ದು ಬಿರಬಿರನೆ ನಡೆಯತೊಡಗಿದ. ನಡಿಗೆಯೇನೋ ಸಾಗುತ್ತಿತ್ತು, ಒಳಗಿನ ಚಡಪಡಿಕೆ ಮಾತ್ರ ಚಪ್ಪಲಿಯೊಳಗಿನ ಮರಳಿನಂತೆ ಜೊತೆಗೇ ಬರುತ್ತಿತ್ತು.

ನಡಿಗೆ ಮುಗಿಯುತ್ತ ಬಂದಿದ್ದ ಒಂದು ದಿನ ಒಂಟೆಗಾಡಿಯ ಟೈರು ಒಡೆದು ಗಾಡಿ ಹಿಂದೆ ಉಳಿಯಿತು. ಜೊತೆಗೆ ಬಾಟ್ಲಿಗಳೂ ಉಳಿದವು. ಚೀಲದಲ್ಲಿದ್ದ ಒಂದು ಬಾಟ್ಲಿ ಬಿಸಿಲೇರುವ ಮೊದಲೇ ಖಾಲಿಯಾಗಿತ್ತು. ಮಧ್ಯಾಹ್ನ ಅವರು ತಲುಪಿದ್ದು ಕುರಿ ಸಾಕುವ ಮುಸಲ್ಮಾನರ ಒಂದು ಸಣ್ಣ ಧಾಣಿ. ಮನೆಯ ಯಜಮಾನಿ ಒಬ್ಬ ಅಜ್ಜಿ, ಮೊಣಕೈವರೆಗೂ ಬಿಳಿ ಬಳೆ ತೊಟ್ಟವಳು. ನೀರಿನ ಚೊಂಬು ಹಿಡಿದು ಬಂದಳು. ಕಿಟ್ಟಣ್ಣನ ನಾಲಿಗೆ ಬಾಯಿಯ ಅಂಗಳಕ್ಕೆ ಅಂಟಿತ್ತು, ಆದರೂ ಅಭ್ಯಾಸಬಲ. ತನ್ನ ಮುಂಬಯಿ ಹಿಂದಿಯಲ್ಲಿ, ಇವತ್ತು ಉಪವಾಸ ಅಮ್ಮಾ ಅಂದ. ಅಜ್ಜಿ ಚೊಂಬನ್ನು ತಕ್ಷಣ ಹಿಂದಕ್ಕೆ ತೆಗೆದುಕೊಂಡಳು. ಒತ್ತಾಯ ಮಾಡಲಿಲ್ಲ. ಮುಖದಲ್ಲಿ ಎಷ್ಟೋ ಗೌರವ. ಸದ್ಯ ಪಾರಾದೆ ಎಂದುಕೊಂಡು ಅವನು ಹೊರಸಿನ ಮೇಲೆ ಉರುಳಿದ.

ನಿದ್ದೆ ಬರಲಿಲ್ಲ. ಬಾಯಾರಿದವನಿಗೆ ಎಲ್ಲಿಯ ನಿದ್ದೆ? ಎದ್ದು ಬೇಲಿಯವರೆಗೆ ಹೋದ, ಬಂದ, ಗಾಡಿ ಕಾಣುತ್ತದೆಯೇ ಎಂದು ನೋಡಿದ, ಮತ್ತೆ ಕೂತ. ಜೊತೆಗಾರರಿಗೂ ಮನೆಯ ಮಕ್ಕಳಿಗೂ ಊಟ ಬಡಿಸಿದ್ದು ಕಂಡಿತು. ಅಜ್ಜಿ, ಅವಳ ಗಂಡ, ಸೊಸೆ ಸುಮ್ಮನೆ ಕೂತಿದ್ದರು. ರೊಟ್ಟಿಯ ಬುಟ್ಟಿಗೆ ಬಟ್ಟೆ ಮುಚ್ಚಿತ್ತು. ಬಿಸಿಲು ಹಳದಿಗೆ ತಿರುಗಿದರೂ ಬಟ್ಟೆ ಹಾಗೆಯೇ ಇತ್ತು. ಅಜ್ಜಿ ಆಗಾಗ ಪಶ್ಚಿಮದತ್ತ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದಳು. ತರುಣ್ ಬಂದು ಪಕ್ಕದಲ್ಲಿ ಕೂತ.

"ಅಂಕಲ್, ಈ ಮನೇಲಿ ದೊಡ್ಡೋರು ಯಾರೂ ಊಟ ಮಾಡಿಲ್ಲ," ಅಂದ. "ಮನೇಗೆ ಬಂದೋರು ಉಪವಾಸ, ರೋಜಾ ಇಟ್ಕೊಂಡಿರೋವಾಗ ನಮ್ಗೆ ಗಂಟಲಲ್ಲಿ ಇಳಿಯಲ್ಲ ಅಂತಾರೆ. ಸೂರ್ಯ ಮುಳುಗಿದ ಮೇಲೆ ನಿಮ್ಮ ಉಪವಾಸ ಬಿಡಿಸಿ ತಿಂತಾರಂತೆ."

ಕಿಟ್ಟಣ್ಣ ಮುಚ್ಚಿದ ಬುಟ್ಟಿಯ ಕಡೆ ನೋಡಿದ. ಏಕಾದಶಿಯ ಉಪವಾಸಕ್ಕೆ ಪಾರಣೆ ಮರುದಿನ ಬೆಳಿಗ್ಗೆ. ಇವರ ಲೆಕ್ಕದಲ್ಲಿ ಉಪವಾಸ ಬಿಡುವುದು ಸೂರ್ಯ ಮುಳುಗಿದಾಗ. ಇಂದು ಏಕಾದಶಿಯೂ ಅಲ್ಲ, ಏನೂ ಅಲ್ಲ. ಒಂದು ಸುಳ್ಳಿಗಾಗಿ ಮೂರು ಜನ ಮಧ್ಯಾಹ್ನದಿಂದ ಹಸಿದು ಕೂತಿದ್ದಾರೆ. ಈಗ ಓಡಿಹೋಗೋಣವೆಂದರೆ ಎಲ್ಲಿಗೆ? ನಾಲ್ಕೂ ದಿಕ್ಕಿಗೆ ಮರಳು.

ಸೂರ್ಯ ದಿಬ್ಬದಾಚೆ ಇಳಿದ. ಅಜ್ಜಿ ಒಂದು ತಟ್ಟೆ ಹಿಡಿದು ಬಂದಳು. ತಟ್ಟೆಯಲ್ಲಿ ಒಂದು ಗ್ಲಾಸು ನೀರು, ಒಂದು ತುಂಡು ಬೆಲ್ಲ. ಕಿಟ್ಟಣ್ಣ ಅದನ್ನೇ ನೋಡಿದ. ಅವನ ಊರಿನಲ್ಲಿ ಬಿಸಿಲಲ್ಲಿ ಯಾರೇ ಬರಲಿ, ಅಮ್ಮ ಜಗಲಿಗೆ ತರುತ್ತಿದ್ದದ್ದು ಇದನ್ನೇ, ಬೆಲ್ಲ ಮತ್ತು ನೀರು. ಆಸರಿಗೆ ತಗೊಳ್ಳಿ ಎನ್ನುತ್ತಿದ್ದಳು. ಅವನ ಕಣ್ಣು ಮಂಜಾಯಿತು. ಬೆಲ್ಲವನ್ನು ಬಾಯಿಗೆ ಹಾಕಿಕೊಂಡು ಗ್ಲಾಸು ಎತ್ತಿದ.

ಮನಸ್ಸು ಒಪ್ಪಿತ್ತು, ಕೈಗೆ ಗೊತ್ತಿರಲಿಲ್ಲ. ಮಣಿಕಟ್ಟು ತಾನಾಗಿ ತಿರುಗಿತು. ನೀರು ಗ್ಲಾಸಿನೊಳಗೆ ಒಂದು ಸುತ್ತು ಬಂತು, ಅರ್ಧಕ್ಕರ್ಧ ಮರಳಿಗೆ ಹೋಯಿತು. ಮರಳು ಅದನ್ನು ಹೀರಿಕೊಂಡಿತು. ಕಟ್ಟಿದ್ದ ಆಡುಮರಿಯೊಂದು ಹಗ್ಗ ಜಗ್ಗಿಕೊಂಡು ಬಂದು ಆ ಒದ್ದೆ ಜಾಗವನ್ನು ನೆಕ್ಕತೊಡಗಿತು.

ಅಜ್ಜಿಯ ಮುಖ ಬಿಳಿಚಿಕೊಂಡಿತು. ಸಿಟ್ಟಲ್ಲ ಅದು, ನಾಚಿಕೆ. ಉಪವಾಸ ಬಿಡುವವನಿಗೆ ಕೊಳಕು ಗ್ಲಾಸು ಕೊಟ್ಟೆನಲ್ಲ ಎಂದು ಅವಳು ತಿಳಿದಿದ್ದಳು. ಅವನ ಕೈಯಿಂದ ಗ್ಲಾಸನ್ನು ಮೆಲ್ಲಗೆ ತೆಗೆದುಕೊಂಡು, ಕುಕ್ಕರುಗಾಲಲ್ಲಿ ಕೂತು, ಮೊದಲೇ ಥಳಥಳಿಸುತ್ತಿದ್ದ ಅದನ್ನು ಬೂದಿ ಹಾಕಿ ತಿಕ್ಕಿದಳು, ಮರಳು ಹಾಕಿ ತಿಕ್ಕಿದಳು, ಸೆರಗಿನಿಂದ ಒರೆಸಿ ಬೆಳಕಿಗೆ ಹಿಡಿದು ನೋಡಿದಳು. ಮತ್ತೆ ತಿಕ್ಕಿದಳು. ಗ್ಲಾಸು ಚೊಕ್ಕವಾಗಿತ್ತಮ್ಮಾ ಎಂದು ಹೇಳಲು ಕಿಟ್ಟಣ್ಣನಿಗೆ ಬಾಯಿ ಬರಲಿಲ್ಲ. ಹೇಳಿದರೆ ಯಾಕೆ ಚೆಲ್ಲಿದೆ ಎಂದೂ ಹೇಳಬೇಕಾಗುತ್ತಿತ್ತು. ವಿಮಲಾತಾಯಿ ತುಂಬಿದ ಟ್ರೇಯನ್ನು ಹಾಗೇ ತಿರುಗಿಸಿಕೊಂಡು ಒಳಗೆ ಹೋಗುತ್ತಿದ್ದ ಬೆನ್ನು ಅವನ ಕಣ್ಣೆದುರು ಬಂತು. ಯಾರ ಗಂಟು ಹೋಗುತ್ತದೆ ಎಂದು ಕೇಳುತ್ತಿದ್ದನಲ್ಲ, ಅದಕ್ಕೆ ಉತ್ತರ ಅಲ್ಲಿ ಕುಕ್ಕರುಗಾಲಲ್ಲಿ ಕೂತು ಗ್ಲಾಸು ತಿಕ್ಕುತ್ತಿತ್ತು.

ಅಜ್ಜಿ ಎರಡನೇ ಸಲ ತುಂಬಿಸಿ ತಂದ ನೀರನ್ನು ಅವನು ಎರಡೂ ಕೈಯಲ್ಲಿ ಹಿಡಿದು ಕುಡಿದ. ಆಮೇಲೆಯೇ ರೊಟ್ಟಿಯ ಬುಟ್ಟಿಯ ಬಟ್ಟೆ ಸರಿಯಿತು.

ಸೀಮಂತದ ದಿನ ರುಕ್ಮಿಣಿಯ ಜೊತೆ ಹೊರಟ ಕಿಟ್ಟಣ್ಣ ಠಾಣೆಯಲ್ಲಿ ಗಾಡಿ ಬದಲಿಸುವಾಗ, ಹೊಟ್ಟೆ ಯಾಕೋ ಸರಿಯಿಲ್ಲ, ನೀನೊಬ್ಬಳೇ ಹೋಗು ಎಂದು ಒಮ್ಮೆ ಅಂದ. ರುಕ್ಮಿಣಿ ಗಾಡಿ ಹತ್ತಿದಳು. ಅವನೂ ಹತ್ತಿದ, ಸೀಟು ಖಾಲಿಯಿದ್ದರೂ ಬಾಗಿಲಲ್ಲೇ ನಿಂತ. ಘಣಸೋಲಿ ಗಾಂವಿನ ಓಣಿಯಲ್ಲಿ ಯಾರದೋ ಅಂಗಳದಲ್ಲಿ ಬೊಂಬಿಲ್ ಮೀನು ಒಣಗಹಾಕಿದ್ದರು. ವಾಸನೆ ಮೂಗಿಗೆ ಹೊಡೆದು ಕಿಟ್ಟಣ್ಣ ಕರವಸ್ತ್ರ ಅಡ್ಡ ಹಿಡಿದ. ಮರಳುಗಾಡು ನಡೆದುಬಂದ ಮಾತ್ರಕ್ಕೆ ಮೂಗು ಬದಲಾಗುತ್ತದೆಯೇ?

ಮನೆಯ ತುಂಬ ಹೆಂಗಸರು. ಹಸಿರು ಸೀರೆಯುಟ್ಟು, ಹೂವಿನ ಒಡವೆ ತೊಟ್ಟು ಹರ್ಷಿತಾ ನಡುವೆ ಕೂತಿದ್ದಳು. ಅಪ್ಪನನ್ನು ಕಂಡಳು, ಏಳಲಿಲ್ಲ. ಬಾಗಿಲ ಬಳಿ ಅವನ ಪ್ಲಾಸ್ಟಿಕ್ ಕುರ್ಚಿ ಹಾಕಿಟ್ಟಿತ್ತು. ಪಕ್ಕದ ಸ್ಟೂಲಿನ ಮೇಲೆ ಒಂದು ಸೀಲ್ ಬಾಟ್ಲಿ, ಸ್ಟಿಕರ್ ಕೂಡ ಕೀಳದ ಹೊಸ ಸ್ಟೀಲ್ ಗ್ಲಾಸು. ವಿಮಲಾತಾಯಿ ಅವನಿಗೆಂದು ಬೇರೆಯೇ ತಂದಿಟ್ಟದ್ದು. ಇದರಲ್ಲಾದರೂ ಕುಡಿಯಲಿ ಎಂಬ ಆಸೆ. ಕಿಟ್ಟಣ್ಣನಿಗೆ ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಅವನು ಕುರ್ಚಿಯನ್ನು ದಾಟಿ ಒಳಗೆ ಹೋದ. ವಿಮಲಾತಾಯಿಯ ಮುಂದೆ ನಿಂತು, ಮಡಕೆಯ ನೀರು ಕೊಡಿ, ನೀವು ಕುಡಿಯುವ ಗ್ಲಾಸಿನಲ್ಲೇ ಕೊಡಿ ಎಂದು ತನ್ನ ಹೋಟೆಲಿನ ಮರಾಠಿಯಲ್ಲಿ ಕೇಳಿದ. ಅವರು ಸೊಸೆಯ ಕಡೆ ನೋಡಿದರು, ರುಕ್ಮಿಣಿಯ ಕಡೆ ನೋಡಿದರು. ಆಮೇಲೆ ಒಳಗೆ ಹೋಗಿ ತಂದರು.

ಗ್ಲಾಸು ಕೈಗೆ ಬಂದ ಕೂಡಲೇ ಮಣಿಕಟ್ಟು ತಿರುಗತೊಡಗಿತು. ಹರ್ಷಿತಾಳ ಕಣ್ಣು ಆ ಕೈಯ ಮೇಲೇ ಇತ್ತು. ಹುಟ್ಟಿದಾಗಿನಿಂದ ನೋಡಿದ ಕೈ ಅದು. ಪಕ್ಕದಲ್ಲಿ ಕಿಟಕಿ ತೆರೆದಿತ್ತು, ಚೆಲ್ಲಲು ಹೇಳಿ ಮಾಡಿಸಿದಂತೆ. ಕಿಟ್ಟಣ್ಣ ಇನ್ನೊಂದು ಕೈಯಿಂದ ತನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡ. ಹಾಗೆ ಹಿಡಿದುಕೊಂಡೇ, ತಳ ಕಾಣುವವರೆಗೆ ಕುಡಿದ.

ವಿಮಲಾತಾಯಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ. "ಆಜ್ ಉಪಾಸ್ ನಾಹೀ ಕಾ?" ಇವತ್ತು ಉಪವಾಸ ಇಲ್ಲವೇ ಎಂದು ಹೆದರಿ ಹೆದರಿ ಕೇಳಿದರು.

"ಸಂಪಲಾ," ಅಂದ ಕಿಟ್ಟಣ್ಣ. ಮುಗಿಯಿತು.

ಹರ್ಷಿತಾ ಮೆಲ್ಲಗೆ ಎದ್ದಳು. ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳಲಿಲ್ಲ. ಅಪ್ಪನ ಹತ್ತಿರ ಬರಲಿಲ್ಲ. ನೇರ ಬಾಗಿಲ ಬಳಿ ಹೋಗಿ ಆ ಕುರ್ಚಿಯನ್ನು ಎತ್ತಲು ಬಗ್ಗಿದಳು.

"ನೀನು ಭಾರ ಎತ್ತುದು ಬೇಡ ಮಗಾ," ಎಂದು ಕಿಟ್ಟಣ್ಣ ಓಡಿಬಂದ. ಕುರ್ಚಿಯನ್ನು ತಾನೇ ಎತ್ತಿಕೊಂಡು ಹೋಗಿ ಒಳಗೆ ಉಳಿದ ಕುರ್ಚಿಗಳ ಸಾಲಿನಲ್ಲಿಟ್ಟು, ಊಟಕ್ಕೆ ಕೂತ.