ಅಳತೆಯ ದಾರ

ಅಪ್ಪ ಕಚೇರಿಯಿಂದ ಒಂದು ದಾರ ತಂದ. ಅದರಲ್ಲಿ ಎರಡು ಗಂಟುಗಳಿದ್ದವು.

"ಮೊದಲ್ನೇ ಗಂಟಿನ ತನಕ ಅಗಲ, ಎರಡ್ನೇದರ ತನಕ ಉದ್ದ. ಇದರ ಮ್ಯಾಲ ಹೊಚ್ಚಾಕ ಸಾಹೇಬ್ರಿಗೆ ಒಂದು ದಪ್ಪನ್ನ ಕೌದಿ ಬೇಕಂತ," ಅಂದ.

"ಯಾತರ ಮ್ಯಾಲ?" ಅವ್ವ ಕೇಳಿದಳು.

"ಅದನ್ನ ಕೇಳಬ್ಯಾಡ. ಸರಕಾರದ ಗುಟ್ಟು."

ಅವ್ವ ನಕ್ಕಳು. "ಯಾಕ, ಸರಕಾರಕ್ಕೂ ಚಳಿ ಹತ್ತೇತೇನು?"

ಅಪ್ಪ ನಗಲಿಲ್ಲ. ಅಕ್ಕಿಆಲೂರಿನ ಆ ಕಚೇರಿಯಲ್ಲಿ ಅವನು ದಿನಗೂಲಿ ಸಿಪಾಯಿ. ನಾನು ಶಾಲೆ ಬಿಡುವ ಮೊದಲಿನಿಂದಲೂ ದಿನಗೂಲಿಯೇ. ದೀಪಾವಳಿಯೊಳಗೆ ಕಾಯಂ ಮಾಡಿಸುತ್ತೇನೆ ಎಂದು ಆ ವರ್ಷ, ಎಂಬತ್ತಾರರಲ್ಲಿ, ಸಾಹೇಬರು ಮಾತು ಕೊಟ್ಟಿದ್ದರು. ಅಂದಿನಿಂದ ಅಪ್ಪ ಕೆಮ್ಮುವಾಗಲೂ ಮೆಲ್ಲಗೆ ಕೆಮ್ಮುತ್ತಿದ್ದ.

ಅವ್ವ ದಾರವನ್ನು ತನ್ನ ಮೊಣಕಾಲಿನ ಮೇಲೆ ಅಳೆದಳು. ಎರಡು ಗೇಣು ಉದ್ದ, ಗೇಣಿಗಿಂತ ಚೂರು ಹೆಚ್ಚು ಅಗಲ. ಸುತ್ತಲೂ ಒಂದೊಂದು ಗೇಣು ಇಳಿಬಿಡಬೇಕು. ನನ್ನ ಕಿವಿಯ ಹತ್ತಿರ ಬಂದು ಅಂದಳು: "ಕೂಸಿನ ಕೌದಿ ಇದು, ಮಗಳ ಉಡಚಿ. ಸಾಹೇಬ್ರ ಹೆಂಡ್ತಿ ತವರಮನಿಗೆ ಹೋಗ್ಯಾಳಲ್ಲ. ದೃಷ್ಟಿ ಆದೀತಂತ ಗುಟ್ಟು ಮಾಡ್ಯಾರ."

ಹಳೆಯ ಇಳಕಲ್ ಸೀರೆಯ ಮೆತ್ತನೆಯ ಭಾಗವನ್ನೇ ಆರಿಸಿ, ಇಬ್ಬರೂ ಎದುರುಬದುರು ಕುಳಿತು ಹೊಲಿದೆವು. ಕೊನೆಯ ಮೂಲೆ ಮುಚ್ಚುವ ಮೊದಲು ಅವ್ವ ಅದರೊಳಗೆ ಹೋಳಿಗೆಯ ಚೂರು ಇಟ್ಟಳು. ನಮ್ಮಲ್ಲಿ ಕೌದಿಯ ಹೊಟ್ಟೆ ಖಾಲಿ ಬಿಟ್ಟು ಕೊಡುವುದಿಲ್ಲ. ಹೊದ್ದವರು ಹಸಿಯುತ್ತಾರೆ ಅಂತ. ಕೂಸಿನದು ಎಂದು ತುಪ್ಪ ಸವರಿದ ದೊಡ್ಡ ಚೂರನ್ನೇ ಇಟ್ಟಳು. ಬಾಗಿಲಲ್ಲಿ ಬೀಡಿ ಸೇದುತ್ತಿದ್ದ ಅಪ್ಪ ಅದನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದ. ನಮ್ಮಿಬ್ಬರನ್ನೂ ನೋಡಿ ಮತ್ತೆ ಬೀಡಿ ಇಟ್ಟುಕೊಂಡ.

ನಾನು ದಿನಾ ಮಧ್ಯಾಹ್ನ ಅಪ್ಪನಿಗೆ ಬುತ್ತಿ ಒಯ್ಯುತ್ತಿದ್ದೆ. ಕಚೇರಿಯ ಹಿಂದೆ ಅಕ್ಕಿ ಗಿರಣಿ. ಅಲ್ಲಿಯ ತೌಡಿನ ಧೂಳು ಕಿಟಕಿ, ಕುರ್ಚಿ, ಗುಮಾಸ್ತರ ತಲೆ, ಎಲ್ಲದರ ಮೇಲೂ ಕೂರುತ್ತಿತ್ತು. ಇಲಿಗಳಂತೂ ಹಗಲಲ್ಲೇ ಓಡಾಡುತ್ತಿದ್ದವು. ಕೊನೆಯ ಕೋಣೆಗೆ ಮಾತ್ರ ಹೊಸ ಬೀಗ, ಅದರ ಮುಂದೆ ಅಪ್ಪನ ಸ್ಟೂಲು.

"ಏನ್ ಹೂವಪ್ಪ, ಒಳಗ ಸಾಹೇಬ್ರು ಎಮ್ಮಿ ಕಟ್ಯಾರೇನು?" ಎಂದು ಗುಮಾಸ್ತ ಪರಮೇಶಪ್ಪ ಅಪ್ಪನನ್ನು ಕೆಣಕುತ್ತಿದ್ದರು. "ಹಿಂಡಿದ್ರ ನಮಗೂ ಒಂದೀಟು ಹಾಲು ಕೊಡೋ."

"ಒಳಗ ಏನೂ ಇಲ್ರೀ."

"ಏನೂ ಇಲ್ಲದ್ದನ್ನ ಕಾಯಾಕ ನೀ ಯಾಕ?"

ಕೌದಿ ಕೊಟ್ಟು ವಾರ ಕಳೆದಿರಬಹುದು. ಬುತ್ತಿ ಹಿಡಿದು ಹೋದಾಗ ಸ್ಟೂಲು ಖಾಲಿಯಿತ್ತು. ಕೋಣೆಯ ಬಾಗಿಲು ಚೂರೇ ತೆರೆದಿತ್ತು. ಗುಮಾಸ್ತರಿಗೆ ಕೇಳಿಸಬಾರದೆಂದು ಸಾಹೇಬರು ಪಿಸುದನಿಯಲ್ಲಿ ಬೈಯುತ್ತಿದ್ದರು. ಅಷ್ಟು ಮೆಲ್ಲಗೆ ಅಷ್ಟು ಸಿಟ್ಟನ್ನು ನಾನು ಎಂದೂ ಕೇಳಿರಲಿಲ್ಲ.

"ವೈರೆಲ್ಲ ಕಡದಾವ. ಕೌದಿಯೊಳಗ ಹೋಳಿಗಿ ಇಟ್ಟು ಇಲಿ ಕರದೀಯಲ್ಲ! ಯಾರು ಹೇಳಿಕೊಟ್ರು? ಪರಮೇಶಪ್ಪನೇನು?"

"ಇಲ್ರೀ ಸಾಹೇಬ್ರ, ಮನ್ಯಾಗ ಕೂಸಿಂದು ಅಂತ ತಿಳದು..."

"ಯಾವ ಕೂಸು?"

ಅಪ್ಪ ಕೌದಿ ಮಡಚುವುದು ಸಂದಿಯಲ್ಲಿ ಕಂಡಿತು.

"ನಾಳಿಂದ ಬರಬ್ಯಾಡ. ಬಾಯಿ ಮುಚ್ಕೊಂಡಿದ್ರ ಮುಂದ ನೋಡೋಣು."

ಇಲಿ ಕಡಿದ ಕೌದಿಯನ್ನೂ ಒಂದು ರಟ್ಟಿನ ಡಬ್ಬಿಯನ್ನೂ ಅಪ್ಪ ಮನೆಗೆ ತಂದ. ಡಬ್ಬಿ ಸುಡಬೇಕೆಂದು ಅಪ್ಪಣೆಯಾಗಿತ್ತು. ಒಲೆಗೆ ಹಾಕುವಾಗ ಅದರ ಮೇಲಿನ ಚಿತ್ರ ನೋಡಿದೆ. ಪರದೇಶದ ಗಂಡ, ಹೆಂಡತಿ, ಮಗು ತಮ್ಮ ಮನೆಯಲ್ಲಿ ಟಿವಿಯ ಮುಂದೆ ನಗುತ್ತ ಕುಳಿತಿದ್ದರು. ಮಗುವಿನ ಮುಂದೆ ಟೈಪ್ ಮಿಷಿನ್ನಿನಂತೆ ಗುಂಡಿಗಳಿದ್ದ ಚಪ್ಪಟೆ ಹಲಗೆ.

"ಏನ್ ಯಪ್ಪಾ ಇದು?"

"ಕಂಪ್ಯೂಟರ್ ಅಂತ. ಹೊರದೇಶದಾಗ ಮನ್ಯಾಗ ಇಟ್ಕೊಂತಾರಂತ. ಹತ್ತು ಮಂದಿ ಗುಮಾಸ್ತರ ಕೆಲಸ ಒಂದ ಮಾಡತೈತಂತ. ಅವರಿಗೆ ಗೊತ್ತಾದರ ಗದ್ದಲಾ ಮಾಡ್ತಾರಂತ ಮ್ಯಾಲಿನವರ ಹುಕುಂ. ನೀ ಇದನ್ನ ನೋಡೇ ಇಲ್ಲ, ತಿಳೀತೇನು?"

ಚಿತ್ರದೊಳಗಿನ ಮಗು ಎಲ್ಲಕ್ಕಿಂತ ಕೊನೆಗೆ ಸುಟ್ಟುಹೋಯಿತು.

ಮೂರನೆಯ ದಿನ ಪರಮೇಶಪ್ಪ ಮನೆಗೆ ಬಂದರು. "ಯಾಕ ಬಿಡಿಸಿದ್ರು ಹೇಳೋ ಹೂವಪ್ಪ. ನಾವೆಲ್ಲ ಕೆಲಸಾ ಬಿಟ್ಟು ಪೆನ್ ಕೆಳಗ ಇಡ್ತೇವಿ. ಕಾರಣ ಇಲ್ಲದ ಹೆಂಗ ಜಗಳಾಡೂದು?"

"ನನ್ನ ತಪ್ಪು ಐತ್ರೀ."

"ಏನ್ ತಪ್ಪು?"

ಅಪ್ಪ ಬಗ್ಗಿ ಅವರಿಗೆ ಹಾಸಿದ್ದ ಚಾಪೆಯ ಅಂಚು ನೇರ ಮಾಡಿದ. ಬಾಯಿ ಮುಚ್ಚಿಕೊಂಡಿದ್ದರೆ ಸಾಹೇಬರು ಕರೆಯುತ್ತಾರೆ ಎಂದೇ ಅವನು ನಂಬಿದ್ದ. ನಾನು ಬಾಗಿಲ ಸಂದಿಯಿಂದ ಸಾಹೇಬರ ದನಿ ಕೇಳಿದ್ದೆ. ನನಗೆ ಆ ನಂಬಿಕೆ ಇರಲಿಲ್ಲ. ಪರರ ಮುಂದೆ ಬಾಯಿ ಬಿಡದವಳು ಅಂದು ಅಡುಗೆಮನೆಯಿಂದ ಹೊರಬಂದೆ. ನನ್ನ ದನಿ ನನಗೇ ಗುರುತು ಹತ್ತಲಿಲ್ಲ.

"ಕಂಪ್ಯೂಟರ್ ಐತ್ರೀ ಒಳಗ. ನಿಮ್ಮ ಕೆಲಸ ಮಾಡಾಕ ತಂದಾರಂತ. ಇಲಿ ಕಡದಾವು."

ಅಪ್ಪ ತಲೆ ಎತ್ತಿ ನನ್ನನ್ನು ನೋಡಿದ. ಹೊಡೆದಿದ್ದರೆ ಚೆನ್ನಾಗಿತ್ತು.

ಮರುದಿನ ಪರಮೇಶಪ್ಪ ಅಪ್ಪನನ್ನೂ ನನ್ನನ್ನೂ ಕಚೇರಿಗೆ ಕರೆದೊಯ್ದರು. ಗುಮಾಸ್ತರೆಲ್ಲ ಸೇರಿದ್ದರು. ಸಾಹೇಬರು ನಗುತ್ತ ತಾವೇ ಬೀಗ ತೆರೆದರು. "ನೋಡ್ರೆಪಾ, ಏನೈತಿ?"

ಒಂದು ಮೇಜು. ಮೇಲೆ ಏನೂ ಇರಲಿಲ್ಲ.

"ಹುಡುಗಿ ಕನಸು ಕಂಡಾಳ," ಎಂದು ಯಾರೋ ನಕ್ಕರು. ಪರಮೇಶಪ್ಪನವರ ಮುಖ ಕೆಂಪಾಯಿತು.

ನಾನು ಮೇಜನ್ನೇ ನೋಡುತ್ತಿದ್ದೆ. ಅದರ ತುಂಬ ತೌಡಿನ ಧೂಳು. ನಡುವೆ ಮಾತ್ರ ಒಂದು ಜಾಗ ಸ್ವಚ್ಛವಾಗಿ ಮಿಂಚುತ್ತಿತ್ತು. ಕೌದಿ ಹೊಲಿದಂದಿನಿಂದ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಅಳತೆಯ ದಾರವನ್ನು ತೆಗೆದು ಆ ಜಾಗದ ಮೇಲಿಟ್ಟೆ. ಮೊದಲ ಗಂಟು ಅಗಲದ ಅಂಚಿಗೆ ಬಂತು. ತಿರುಗಿಸಿ ಇಟ್ಟೆ. ಎರಡನೆಯದು ಉದ್ದದ ಅಂಚಿಗೆ.

ಯಾರೂ ನಗಲಿಲ್ಲ.

"ಈ ದಾರಾ ಯಾರು ಕೊಟ್ಟಿದ್ರು ತಂಗಿ?" ಪರಮೇಶಪ್ಪ ಕೇಳಿದರು.

ನಾನು ಸಾಹೇಬರತ್ತ ನೋಡಿದೆ. ಬಾಗಿಲಾಚೆಯಿಂದ ಅಪ್ಪನ ದನಿ ಬಂತು: "ನಾ ಏನೂ ಹೇಳಿಲ್ರೀ ಸಾಹೇಬ್ರ. ನಾ ಅಲ್ರೀ."

ಸಾಹೇಬರು ದಾರವನ್ನು ಎತ್ತಿ ಬೆರಳಿಗೆ ಸುತ್ತಿ ಜೇಬಿಗೆ ಹಾಕಿಕೊಂಡರು. "ಇಲ್ಲದ್ದನ್ನ ನೀ ಹೆಂಗ ಹೇಳ್ತೀಯೋ?" ಅಂದರು.

ಗುಮಾಸ್ತರು ಪೆನ್ ಕೆಳಗಿಟ್ಟರು. ಸೋಮವಾರ ಅಪ್ಪನಿಗೆ ಸ್ಟೂಲು ಮರಳಿ ಸಿಕ್ಕಿತು, ದಿನಗೂಲಿಯ ಮೇಲೆಯೇ. ದೀಪಾವಳಿ ಬಂದು ಹೋಯಿತು. ಕಾಯಂ ಮಾತನ್ನು ಸಾಹೇಬರು ಮತ್ತೆ ಎತ್ತಲಿಲ್ಲ, ಅಪ್ಪ ಕೇಳಲಿಲ್ಲ.

ಅಂದಿನಿಂದ ಅವನು ನನಗೆ ಬುತ್ತಿ ತರಗೊಡದೆ, ಬೆಳಿಗ್ಗೆಯೇ ಕಟ್ಟಿಸಿಕೊಂಡು ತಾನೇ ಒಯ್ಯತೊಡಗಿದ.