ಇದ್ದಲಿಗೆ ಹಸಿರು ಚುಕ್ಕಿ

ಹೊಗೆ ಅವರ ಕುರ್ಚಿಯ ಕಡೆಗೇ ಹೋಗುತ್ತಿದೆಯಲ್ಲ, ಬೇರೆ ದಿಕ್ಕೇ ಸಿಗಲಿಲ್ಲವೇ ಈ ಗಾಳಿಗೆ, ಮೊರವನ್ನು ಆ ಪಕ್ಕ ಹಿಡಿದು ಬೀಸುತ್ತೇನೆ, ವಸಂತಮ್ಮನವರು ಸೆರಗನ್ನು ಮೂಗಿಗೆ ಒತ್ತಿಕೊಂಡರು, ಆ ಬೆರಳುಗಳು — ಹಾಸನದ ನೋಂದಣಿ ಕಚೇರಿಯಲ್ಲಿ, ನನ್ನ ಮಗಳು ಅನುಶ್ರೀ ಅವರ ಮಗ ಕೇದಾರನಿಗೆ ಹಾರ ಹಾಕಿದ ದಿನ, ನಾನು ಕೊಟ್ಟ ನೀರಿನ ಲೋಟ ಹಿಡಿದದ್ದೂ ಇವೇ ಬೆರಳು, ಹಿಡಿದು, ತುಟಿಗೆ ತಾಗಿಸದೆ ಕಿಟಕಿಯ ಕಟ್ಟೆಯ ಮೇಲೆ ಇಟ್ಟುಬಿಟ್ಟವು, ತುಂಬಿದ ಲೋಟ ತುಂಬಿದ ಹಾಗೇ. ಇವತ್ತು ಮೊದಲ ಸಲ ನಮ್ಮ ಹಳ್ಳಿಮೈಸೂರಿನ ಮನೆಗೆ ಬಂದಿದ್ದಾರೆ. ಅಪ್ಪಾ, ಅತ್ತೆ ಮಾಂಸ ಬೇಯ್ಸೋ ಒಲೇಲಿ ಮಾಡಿದ್ದು ತಿನ್ನಲ್ಲ ಕಣಪ್ಪ, ಅಂಗಳದಲ್ಲಿ ಹೊಸ ಬೆಂಕಿ ಹಾಕಿ ಬಾರ್ಬೆಕ್ಯೂ ಮಾಡಾಣ, ಜೋಳ ಗೆಣಸು ಸುಡಾಣ, ಅದಾದ್ರೆ ತಿಂದ್ರೂ ತಿಂದಾರು, ಅಂದಿದ್ದಳು ಅನು ಫೋನಿನಲ್ಲಿ, ತಿಂದ್ರೂ ಎನ್ನುವಾಗ ದನಿ ಸಣ್ಣಗಾಗಿತ್ತು, ತಿನ್ನಲಿ ಸ್ವಾಮಿ ನರಸಿಂಹ, ನನಗಾಗಿ ಬೇಡ, ಎರಡು ಮನೆಯ ನಡುವೆ ನಿಂತ ಆ ಕೂಸಿಗಾಗಿ ಒಂದು ಕಾಳು ತಿನ್ನಲಿ. ಹೊಸ ಜಾಲರಿ, ಹೊಸ ಇಕ್ಕಳ, ಬೆಂಕಿಯೂ ಅನುಮಾನವಿಲ್ಲದ್ದಾಗಬೇಕು, ಅದಕ್ಕೇ ಹೊಳೆನರಸೀಪುರಕ್ಕೆ ಹೋದದ್ದು, ಕಾಂತರಾಜುವಿನ ಅಂಗಡಿಯಲ್ಲಿ ಒಂದು ಕಡೆ ಮರದ ಇದ್ದಲಿನ ಮೂಟೆ, ಇನ್ನೊಂದು ಕಡೆ ಬ್ರಿಕೆಟ್ ಡಬ್ಬ, ಇದ್ದಲ ಪುಡಿಯನ್ನು ಅಚ್ಚಿಗೆ ಹಾಕಿ ಒತ್ತಿದ ಉಂಡೆಗಳು, ಒಂದೇ ಸಮ, ತಟ್ಟೆಯಿಂದ ಎಬ್ಬಿಸಿದ ಇಡ್ಲಿಯ ಹಾಗೆ. ಇದು ತಕಳಣ್ಣ, ಸಿಡಿಯಾಕಿಲ್ಲ, ಒಂದೇ ಉರಿ, ಬಾಳ ಒತ್ತು ನಿಲ್ತದೆ ಅಂದ. ಅಲ್ಲ ಕಣಯ್ಯ, ಪುಡಿ ಉಂಡೆ ಆಗ್ಬೇಕಾದ್ರೆ ಏನಾರ ಸೇರ್ಸಿರ್ಬೇಕಲ್ಲ, ಏನ್ ಸೇರ್ಸವ್ರೆ? ಅದೇನೋ ಗಂಜಿಯಂತೆ ಕಣಣ್ಣ, ನಾನೇನು ನೆಕ್ಕಿ ನೋಡಿವ್ನಾ. ನಾನು ಕನ್ನಡಕ ಏರಿಸಿಕೊಂಡು ಡಬ್ಬವನ್ನು ತಿರುಗಿಸಿ ತಿರುಗಿಸಿ ಹುಡುಕಿದೆ, ಬಿಸ್ಕತ್ತಿನ ಪೊಟ್ಟಣದ ಮೇಲಿರುತ್ತದಲ್ಲ, ಸಸ್ಯಾಹಾರಿ ಎಂದು ತೋರಿಸುವ ಆ ಹಸಿರು ಚುಕ್ಕಿ — ಕಾಂತರಾಜು ಹೊಟ್ಟೆ ಹಿಡಿದುಕೊಂಡು ನಕ್ಕ, ಲೇ ಬನ್ರಲಾ ಇಲ್ಲಿ, ಪುಟ್ಟಸ್ವಾಮಣ್ಣ ಇದ್ದಲಿಗೆ ಅಸ್ರು ಚುಕ್ಕಿ ಉಡುಕ್ತಾವ್ರೆ! ಚುಕ್ಕಿ ಇರಲಿಲ್ಲ, ಸುಟ್ಟ ಕೋಳಿ ಕಾಲಿನ ಚಿತ್ರವಿತ್ತು, ಕೆಳಗಿಟ್ಟೆ. ಮೂಟೆಯೊಳಗೆ ಕೈಯಿಟ್ಟರೆ ಕೊಂಬೆಯ ಗಂಟು, ತೊಗಟೆಯ ಗೀರು ಇನ್ನೂ ಬೆರಳಿಗೆ ಸಿಗುತ್ತಿತ್ತು, ಮರವೆಂದರೆ ಮರ, ಒಳಗೇನಿದೆ ಎಂದು ಅದನ್ನು ಯಾರೂ ಕೇಳಬೇಕಿಲ್ಲ.

ಚಟ್ — ಸಿಡಿಯಿತು, ಕಿಡಿ ಅವರ ಸೀರೆಯ ಅಂಚಿನ ಹತ್ತಿರವೇ, ಶಿವನೇ, ಬ್ರಿಕೆಟ್ಟನ್ನೇ ತರಬೇಕಿತ್ತು, ನನ್ನ ಹೆಂಡತಿ ಸುಬ್ಬಮ್ಮ ಬಾಗಿಲಿನಿಂದಲೇ ಕಣ್ಣು ಬಿಡುತ್ತಿದ್ದಾಳೆ, ಅನು ಅರ್ಧ ಎದ್ದಿದ್ದಾಳೆ, ವಸಂತಮ್ಮನವರು ಎದ್ದೇಬಿಟ್ಟರು, ಹೋಗುತ್ತಾರೆ, ಹೋಗೇ ಹೋಗುತ್ತಾರೆ — ಇಲ್ಲ, ಕುರ್ಚಿ ಎಳೆದುಕೊಂಡು ಇತ್ತಲೇ ಬರುತ್ತಿದ್ದಾರೆ. ಅಯ್ಯೋ, ಆ ತೆನೆ ಸೀದು ಹೋಗ್ತಾ ಇದೆ, ತಿರುಗಿಸಿ ಬೀಗರೇ! ಬೀಗರೇ. ಇಷ್ಟು ದಿನ ನೋಡಿ ಇವರೇ, ಇಲ್ಲಿ ಕೇಳಿ ಇವರೇ, ಈಗ ಜೋಳ ಸೀಯುವ ಅವಸರದಲ್ಲಿ ಬಾಯಿಂದ ಜಾರಿತೋ, ಬೇಕೆಂದೇ ಅಂದರೋ, ಕೇಳಬಾರದು, ತಿರುಗಿಸು. ನೀವು ಗಾಳಿ ಹಾಕಿ, ಇದನ್ನ ನಾನು ನೋಡ್ಕೋತೀನಿ ಎಂದು ತೆನೆಯನ್ನು ಕೈಗೇ ತೆಗೆದುಕೊಂಡರು, ಉಫ್ ಉಫ್ ಎಂದು ಊದುತ್ತಾರೆ, ನಾನು ಮೊರ ಬೀಸುತ್ತಲೇ ಇದ್ದೇನೆ, ಹೆಬ್ಬೆರಳು ಒತ್ತಿ ಕಾಳು ಬಿಡಿಸುತ್ತಿದೆ, ಮಸಿ ಹತ್ತಿದ ಬೆರಳು, ತೆನೆಯಲ್ಲಿ ಒಂದು ಸಾಲು ಖಾಲಿ, ಬೆರಳು ಬಾಯಿಯ ಹತ್ತಿರ, ದವಡೆ ಆಡುತ್ತಿದೆ, ತುಟಿಯ ಅಂಚಿನಲ್ಲಿ ಕಪ್ಪು ಗೆರೆ, ಬೆರಳು, ಮಸಿ ಹತ್ತಿದ ಆ ಬೆರಳು —