ನೋಡದ ಮಳೆ

ಕೂಡ್ಲಿಗಿಯ ಕಚೇರಿ ಆವರಣದಲ್ಲಿ ಮಳೆಮಾಪಕ ನೋಡುವ ದಾವಲ್ ಸಾಬನಿಗೆ ಒಂದು ಹಟವಿತ್ತು. ಮಳೆ ಬರದಿದ್ದರೆ ಸೊನ್ನೆ. ಜ್ವರ ಬಂದು ಮಲಗಿ, ನೋಡಲು ಆಗದಿದ್ದರೆ ಮಾತ್ರ ಸೊನ್ನೆ ಅನ್ನುವಂತಿಲ್ಲ; 'ನೋಡಿಲ್ಲ' ಎಂದೇ ತಿಳಿಸಬೇಕು. "ಬಿಸಿಲು ಹಿಂಗ ಉರಿಯಾಕತ್ತೈತಿ, ಸೊನ್ನಿ ಅಂದುಬಿಡ್ರಿ ಸಾಬ್ರ" ಎಂದು ಗುಮಾಸ್ತರು ಕಾಡಿಸಿದರೆ ಮುಖ ಗಂಟಿಕ್ಕುತ್ತಿದ್ದ.

"ಹವಾಮಾನದ ಲೆಕ್ಕಕ್ಕಂತ ದೇಶದೇಶದೋರು ಕೂತು ಮಾಡಿಕೊಂಡ ಕರಾರು ಇದು. ಗಡಿಯಾಗ ಗುಂಡು ಹಾರಿಸೋರೂ ಗಾಳಿ-ಮಳಿ ಲೆಕ್ಕ ಮುಚ್ಚಿಡಂಗಿಲ್ಲ. ನೋಡದ್ದನ್ನ ನೋಡೀನಿ ಅಂದ್ರ ಎಲ್ಲಾರ ಲೆಕ್ಕಾನೂ ಕೆಡತೈತಿ."

ಅವನ ಒಬ್ಬನೇ ಮಗ ಯೂನುಸ ಸರಕು ಹಡಗಿನಲ್ಲಿ ಎಂಜಿನ್ ಮೆಕ್ಯಾನಿಕ್ ಆಗಿದ್ದ. ಮೂರು ವರ್ಷದ ಹಿಂದೆ ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಎದ್ದಾಗ ಆ ಹಡಗು ಗಾಳಿ ಎಷ್ಟು, ಒತ್ತಡ ಎಷ್ಟು ಎಂದು ಹೊತ್ತುಹೊತ್ತಿಗೆ ಸುದ್ದಿ ಕಳಿಸುತ್ತಲೇ ಇತ್ತು. ದಿಲ್ಲಿ, ಕರಾಚಿ, ಮಸ್ಕತ್‌ನವರು ಅದನ್ನು ಹಂಚಿಕೊಂಡು ಎಚ್ಚರಿಕೆ ಕೊಟ್ಟರು. ಯಾವ್ಯಾವುದೋ ದೇಶದ ಮೀನುಗಾರರು ದಡ ಸೇರಿದರು. ಸುದ್ದಿ ಕೊಟ್ಟ ಹಡಗು ಮಾತ್ರ ಸೇರಲಿಲ್ಲ. ಅದರ ಒಂದು ಚೂರೂ ಸಿಗಲಿಲ್ಲ.

ಯೂನುಸ ಹೋದ ಎಂದು ಯಾರಾದರೂ ಅಂದರೆ ಮುದುಕ ಉರಿದುಬೀಳುತ್ತಿದ್ದ. "ನೀವು ನೋಡೀರೇನು?" ಬರಬರುತ್ತ ಯಾರೂ ಆ ಮಾತು ಎತ್ತದಾದರು. ಸೊಸೆ ನಿಶಾತ ಅತ್ತ ಮುತ್ತೈದೆಯೂ ಅಲ್ಲ, ಇತ್ತ ವಿಧವೆಯೂ ಅಲ್ಲ ಎಂಬಂತೆ ಮಾವನಿಗೆ ರೊಟ್ಟಿ ಬಡಿಯುತ್ತ ಉಳಿದಳು. ಪಾಪ, ಇನ್ನೂ ಚಿಕ್ಕ ವಯಸ್ಸು.

ಮೊನ್ನೆ ಅವಳ ಅಣ್ಣ ಫಿರೋಜ್ ಹರಪನಹಳ್ಳಿಯಿಂದ ಬಂದ. "ಚಾಚಾ, ತೆಲಿಗಿಯಾಗ ಒಬ್ಬ ಟ್ರ್ಯಾಕ್ಟರ್ ರಿಪೇರಿ ಮಾಡೋನು ಅದಾನ. ಒಳ್ಳೇ ಮನುಷ್ಯ, ನಿಶಾತನ್ನ ಕೇಳ್ಯಾನ. ಯೂನುಸ ಇಲ್ಲ ಅಂತ ನಿಮ್ಮ ಬಾಯಿಂದ ಬಂದ್ರ ಒಪ್ತೀವಿ ಅಂತಾರ ಜಮಾತಿನ ಹಿರಿಯರು."

ದಾವಲ್ ಸಾಬ್ ಎದ್ದು ಒಲೆಯ ಹತ್ತಿರ ಹೋದ. "ನೀ ಏನಂತೀವ್ವಾ?"

"ನಾ ಕಾಯ್ತೀನಿ ಮಾಮಾ," ಎಂದಳು ನಿಶಾತ, ತಲೆ ಎತ್ತದೆ.

ಆ ದನಿಯಲ್ಲಿ ಆಸೆ ಇರಲಿಲ್ಲ, ರೂಢಿ ಇತ್ತು. ತನ್ನ ಹಟಕ್ಕೆ ಈ ಹುಡುಗಿಯ ಬಾಳು ಸವೆಯುತ್ತಿದೆ ಎಂದು ಅವನಿಗೆ ಆಗ ಹೊಳೆಯಿತು.

ಶುಕ್ರವಾರ ನಮಾಜು ಮುಗಿದ ಮೇಲೆ ಅವನು ಹಿರಿಯರ ಮುಂದೆ ನಿಂತ. "ನನ್ನ ಮಗ ತೀರಿಕೊಂಡಾನ."

"ಖಾತ್ರಿ ಏನ್ರಿ?" ಎಂದರು ಒಬ್ಬರು.

"ಖಾತ್ರಿ," ಎಂದ. ನೋಡದ್ದನ್ನು ಅವನು ಬಾಯಿಬಿಟ್ಟು ಹೇಳಿದ್ದು ಜನ್ಮದಲ್ಲಿ ಅದೇ ಮೊದಲು.

ಮನೆ ಮುಟ್ಟುವ ಹೊತ್ತಿಗೆ ಸುದ್ದಿ ಅವನಿಗಿಂತ ಮುಂಚೆ ಬಂದಿತ್ತು. ನಿಶಾತ ಬಾಗಿಲಲ್ಲೇ ಅವನ ಕೈ ಹಿಡಿದುಕೊಂಡಳು.

"ಅವರು ಇಲ್ಲ ಅಂತ ನಂಗ ಹಡಗಿನ ಸುದ್ದಿ ನಿಂತ ದಿನಾನ ಗೊತ್ತಾಗಿತ್ತು ಮಾಮಾ. ನಾ ಹೋದ್ರ ನೀವು ಒಬ್ಬರ ಆಗ್ತೀರಿ ಅಂತ ಸುಮ್ಮನಿದ್ದೆ."

ದಾವಲ್ ಸಾಬ್ ಅಲ್ಲೇ ಹೊಸ್ತಿಲ ಮೇಲೆ ಕೂತ. ಇಷ್ಟು ದಿನ ಇಬ್ಬರು ಕಾಯುತ್ತಿದ್ದೇವೆ ಅಂದುಕೊಂಡಿದ್ದ. ಕಾದವನು ತಾನೊಬ್ಬನೇ.